ಮನೆಯ ವಾಸನೆ ಮತ್ತು ಕುಟುಂಬದ ಆರೋಗ್ಯ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ದಂಪತಿಗಳಿಗಾಗಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಹೆಚ್ಚು ಹಣ ವೆಚ್ಚ ಮಾಡದೆ ಮನೆಯಲ್ಲಿ ಒಳ್ಳೆಯ ವಾಸನೆ ಇರುವಂತೆ ನೋಡಿಕೊಳ್ಳುವುದು ಹೇಗೆ ಎಂಬ ವಿಷಯವನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ. ರೋಗ, ಔಷಧಿಗಳ ಮಾತನ್ನು ಬಿಟ್ಟು ವೈದ್ಯರು ವಾಸನೆಯ ಮಾತನ್ನೇಕೆ ಆಡುತ್ತಾರೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಈ ಎರಡಕ್ಕೂ ನಿಕಟ ಸಂಬಂಧವುಂಟು.

ಹಿಂದಿನ ಕಾಲದಲ್ಲಿ ಕೆಟ್ಟ ವಾಸನೆಯೇ ರೋಗಗಳಿಗೆ ಮೂಲವೆಂದು ಅನೇಕ ದೇಶಗಳ ಜನರು ನಂಬಿದ್ದರು. ಮಲೇರಿಯ ಎಂಬ ಹೆಸರಿಗೇ ಇಟಲಿಯ ಭಾಷೆಯಲ್ಲಿ ‘ಕೆಟ್ಟ ಗಾಳಿ’ ಎಂದರ್ಥ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ರೋಗಾಣುವನ್ನು ಕಂಡರು. ಜ್ವರವನ್ನು ತರುವುದು ಜೌಗಿನ ವಾಸನೆಯಲ್ಲ, ಅಲ್ಲಿ ಹುಟ್ಟುವ ಸೊಳ್ಳೆ ಎಂಬುದು ಮುಂದೆ ಸ್ಪಷ್ಟವಾಯಿತು. ಹೀಗೆ ದುರ್ವಾಸನೆಯು ತಾನೇ ರೋಗವಲ್ಲ. ತೇವ, ಕೊಳೆ, ಹೊಗೆ ಅಥವಾ ಕೀವು ಎಲ್ಲಿಯೋ ಇದೆಯೆಂದು ತಿಳಿಸುವ ಸೂಚನೆ. ಊದುಬತ್ತಿ ಹಚ್ಚಿ ಅದನ್ನು ಮರೆಮಾಡಿದರೆ ಕಾರಣವು ಹಾಗೆಯೇ ಉಳಿಯುತ್ತದೆ. ಕಾರಣವನ್ನು ಹುಡುಕಿ ತೆಗೆಯುವುದೇ ಸರಿಯಾದ ಮಾರ್ಗ. ಅಗ್ಗದ ಮಾರ್ಗವೂ ಅದೇ.

ತೇವದ ವಾಸನೆ

ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಭಾಗದ ಮನೆಗಳಲ್ಲಿ ಮುಗ್ಗುಲು ವಾಸನೆ ಸಾಮಾನ್ಯ. ಗೋಡೆ, ಕಂಬಳಿ, ಹಾಸಿಗೆಗಳ ಮೇಲೆ ಬೆಳೆಯುವ ಬೂಷ್ಟೇ ಇದಕ್ಕೆ ಕಾರಣ. ಇದರ ಸೂಕ್ಷ್ಮ ಕಣಗಳು ಉಸಿರಿನೊಡನೆ ಒಳಹೊಕ್ಕು, ಉಬ್ಬಸವುಳ್ಳವರಿಗೂ ಎಳೆಯ ಮಕ್ಕಳಿಗೂ ಕೆಮ್ಮನ್ನು ಹೆಚ್ಚಿಸುತ್ತವೆ. ಮಳೆಗಾಲಕ್ಕೆ ಮೊದಲೇ ಹಂಚುಗಳನ್ನು ಕೈಯಾಡಿಸಿ ಸೋರುವಿಕೆಯನ್ನು ನಿಲ್ಲಿಸತಕ್ಕದ್ದು. ಗೋಡೆಗಳಿಗೆ ಸುಣ್ಣ ಬಳಿಯಿರಿ. ಸುಣ್ಣವು ಕ್ಷಾರವಾದುದರಿಂದ ಅದರ ಮೇಲೆ ಬೂಷ್ಟು ಸುಲಭವಾಗಿ ಬೆಳೆಯದು.

ಮಳೆ ಬಿಡುವು ಕೊಟ್ಟಾಗಲೆಲ್ಲ ಎದುರುಬದುರಾದ ಎರಡು ಕಿಟಕಿಗಳನ್ನಾಗಲಿ, ಒಂದು ಬಾಗಿಲನ್ನೂ ಒಂದು ಕಿಟಕಿಯನ್ನೂ ಆಗಲಿ ಅರ್ಧ ಗಂಟೆ ತೆರೆದಿಡಿ. ಬಿಸಿಲು ಕಂಡ ದಿನ ಹಾಸಿಗೆ, ಕಂಬಳಿಗಳನ್ನು ಹೊರಗೆ ಹಾಕಿ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಗಿಸಕೂಡದು. ಪೆಟ್ಟಿಗೆ, ಕಪಾಟುಗಳ ಮೂಲೆಯಲ್ಲಿ ಬಾಯಿ ತೆರೆದ ಮಡಕೆಯಲ್ಲಿ ಒಣ ಇದ್ದಿಲ ಚೂರುಗಳನ್ನಿಟ್ಟು, ಆಗಾಗ ಬಿಸಿಲಿಗೆ ಹಾಕಿ ಪುನಃ ಬಳಸಬಹುದು.

ಮುಟ್ಟಿನ ಬಟ್ಟೆಗಳನ್ನು ಸಂಕೋಚದಿಂದ ಕತ್ತಲೆಯಲ್ಲಿ, ಬೇರೆ ಬಟ್ಟೆಗಳ ಅಡಿಯಲ್ಲಿ ಒಣಗಿಸುವ ಪದ್ಧತಿ ಅನೇಕ ಮನೆಗಳಲ್ಲುಂಟು. ಹಾಗೆ ಮಾಡಿದರೆ ಬಟ್ಟೆ ನಾರುವುದಲ್ಲದೆ ತುರಿಕೆ, ಸೋಂಕುಗಳಿಗೂ ಅವಕಾಶವಾಗುತ್ತದೆ. ಅವನ್ನು ಸೋಪಿನಿಂದ ತೊಳೆದು ಬಿಸಿಲಿನಲ್ಲಿಯೇ ಒಣಗಿಸತಕ್ಕದ್ದು. ಇದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲವೆಂಬುದನ್ನು ಗಂಡಸರೂ ಅರಿಯಬೇಕು.

ಕೊಟ್ಟಿಗೆ, ಬಚ್ಚಲು ಮತ್ತು ಶೌಚಾಲಯ

ಕೊಟ್ಟಿಗೆಯು ಮನೆಗೆ ಹೊಂದಿಕೊಂಡಿದ್ದರೆ ಗಂಜಳವು ನಿಲ್ಲದೆ ಹರಿದುಹೋಗುವಂತೆ ಸಣ್ಣ ಕಾಲುವೆ ಮಾಡಿ, ಸಗಣಿಯನ್ನು ಪ್ರತಿದಿನ ದೂರದ ಗೊಬ್ಬರ ಗುಂಡಿಗೆ ಹಾಕಿ, ಮೇಲೆ ಒಣಮಣ್ಣನ್ನು ಹರಡಿರಿ. ಕೊಟ್ಟಿಗೆಗೆ ಹಾಸಲು ಕಾಡಿನ ತರಗೆಲೆಯನ್ನು ತರುವಾಗ ಎಚ್ಚರಿಕೆ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಉಣುಗುಗಳಿಂದ ಹರಡುತ್ತದೆ. ಈ ಉಣುಗುಗಳು ತರಗೆಲೆಯೊಡನೆ ಮನೆಯಂಗಳಕ್ಕೂ ಬರಬಲ್ಲವು. ಮಂಗಗಳು ಸತ್ತ ಪ್ರದೇಶದಿಂದ ಎಲೆಯನ್ನು ತರಲೇಬಾರದು. ಹಾಸಲು ಭತ್ತದ ಹುಲ್ಲು ಸಾಕು.

ಬಚ್ಚಲಿನ ನೀರನ್ನು ಹಿತ್ತಲಿನ ಬಾಳೆ, ತೆಂಗುಗಳ ಬುಡಕ್ಕೆ ಹರಿಯಿಸಿರಿ, ಒಂದೆಡೆ ನಿಲ್ಲಗೊಡಬೇಡಿ. ಅಡುಗೆಮನೆಯ ಕಸವನ್ನು ರಾತ್ರಿ ಒಳಗೆ ಉಳಿಸಕೂಡದು. ಪಾತ್ರೆಗಳಿಗೆ ಹಿಡಿದ ಮೀನಿನ, ಬೆಳ್ಳುಳ್ಳಿಯ ವಾಸನೆಗೆ ಹುಣಿಸೆಹಣ್ಣು, ನಿಂಬೆಯ ಸಿಪ್ಪೆ ಅಥವಾ ಸ್ವಲ್ಪ ಅಡಿಗೆ ಸೋಡಾ ಸಾಕು.

ಎರಡು ಗುಂಡಿಗಳ ಶೌಚಾಲಯದಲ್ಲಿ ಬಸಿಯ ಕೆಳಗೆ ನಿಲ್ಲುವ ನೀರೇ ದುರ್ಗಂಧವನ್ನು ತಡೆಯುವ ಬಾಗಿಲು. ಪ್ರತಿಸಾರಿಯೂ ಸಾಕಷ್ಟು ನೀರು ಹಾಕಿ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಆಸಿಡ್, ಫಿನೈಲುಗಳನ್ನು ಧಾರಾಳವಾಗಿ ಸುರಿದರೆ, ಗುಂಡಿಯಲ್ಲಿ ಮಲವನ್ನು ಗೊಬ್ಬರವಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ಬಾಣಂತಿಯ ಕೋಣೆ

ಈಗ ಅತಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಶೀತವಾದೀತೆಂಬ ಭಯದಿಂದ ಬಾಣಂತಿಯ ಕೋಣೆಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ವಾಸನೆ ಹೋಗಲೆಂದು ಸಾಂಬ್ರಾಣಿ ಹೊಗೆ ಹಾಕುವುದು ಹಲವೆಡೆ ರೂಢಿಯಲ್ಲಿದೆ. ತಾಯಿ ಮಗುವನ್ನು ಬೆಚ್ಚಗಿಡಬೇಕೆಂಬ ಹಿರಿಯರ ಉದ್ದೇಶ ಯೋಗ್ಯವಾದುದೇ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆಗಳಿಂದ ಆರಂಭವಾಗಿ, ನಿದ್ರೆಯಲ್ಲಿಯೇ ಪ್ರಜ್ಞೆ ತಪ್ಪಿ ಪ್ರಾಣ ಹೋಗಬಹುದು. ಕೋಣೆ ಸುವಾಸನೆಯಿಂದ ಕೂಡಿದೆಯೆಂದ ಮಾತ್ರಕ್ಕೆ ಗಾಳಿ ಶುದ್ಧವಾಗಿದೆಯೆಂದು ಭಾವಿಸಕೂಡದು.

ಮಗುವಿನ ತಲೆಗೂದಲಿಗೆ ಹೊಗೆ ಹಿಡಿಯುವುದೂ ಬೇಡ. ಆ ಹೊಗೆ ಸೇರುವುದು ಮಗುವಿನ ಎಳೆಯ ಶ್ವಾಸಕೋಶಕ್ಕೆ. ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆಯನ್ನು ಕಟ್ಟಿರಿ. ಒಂದು ಬತ್ತಿ ಉರಿದು ಮುಗಿಯುವಾಗ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು ಸಂಶೋಧಕರು ಅಳೆದಿದ್ದಾರೆ. ಮಗುವನ್ನು ಬೆಚ್ಚಗಿಡಲು ತಾಯಿಯ ಎದೆಯ ಸ್ಪರ್ಶ, ಟೋಪಿ, ಒಣ ಬಟ್ಟೆಗಳು ಸಾಕು. ನೇರವಾಗಿ ಗಾಳಿ ಬೀಸದಂತೆ ಒಂದು ಕಿಟಕಿಯನ್ನು ತೆರೆದಿಡಿ. ಸ್ನಾನದ ನೀರನ್ನು ಹೊರಗಿನ ಒಲೆಯಲ್ಲಿ ಕಾಯಿಸಿ ತನ್ನಿ. ಮಗುವಿನ ಬಟ್ಟೆಗಳ ನಡುವೆ ನುಸಿಗುಳಿಗೆಗಳನ್ನು ಇಡಲೇಕೂಡದು. ಕೆಲವು ಶಿಶುಗಳಲ್ಲಿ ಅದರ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆಯಾಗುತ್ತದೆ.

ಇನ್ನೆರಡು ವಾಸನೆಗಳನ್ನು ಯಾವ ಧೂಪದಿಂದಲೂ ಮರೆಮಾಡಕೂಡದು. ಹೆರಿಗೆಯಾದ ಮೇಲಿನ ಸ್ರಾವಕ್ಕೆ ದುರ್ಗಂಧ ಬಂದರೆ, ಅದರಲ್ಲಿಯೂ ಜ್ವರ ಅಥವಾ ಕಿಬ್ಬೊಟ್ಟೆಯ ನೋವಿದ್ದರೆ, ಗರ್ಭಕೋಶಕ್ಕೆ ನಂಜಾಗಿದೆಯೆಂದು ಸಂದೇಹಪಡಬೇಕು. ಮಗುವಿನ ಹೊಕ್ಕುಳು ನಾರಿ, ಸುತ್ತ ಕೆಂಪಾದರೆ ಅಥವಾ ಕೀವು ಕಂಡರೆ ಅದೂ ನಂಜಿನ ಗುರುತೇ. ಹೊಕ್ಕುಳಿಗೆ ಬೂದಿ, ಅರಿಸಿನ, ಎಣ್ಣೆ ಯಾವುದನ್ನೂ ಹಚ್ಚದೆ ಒಣಗಿದ್ದಂತೆ ಬಿಡಿ. ಈ ಚಿಹ್ನೆಗಳು ಕಂಡ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ಬನ್ನಿ. ತುರ್ತಾದರೆ 108ಕ್ಕೆ ಕರೆಮಾಡಿ. “ಬಾಣಂತಿಯ ಕೋಣೆಯೆಂದರೆ ಹೀಗೆಯೇ” ಎಂದು ಒಂದು ದಿನ ತಡಮಾಡಿದರೂ ಪ್ರಾಣಕ್ಕೆ ಅಪಾಯವಾಗಬಹುದು.

ಅಗ್ಗದ ಸುಗಂಧಗಳು

ಮನೆ ಶುಚಿಯಾದ ಮೇಲೆ ಸುಗಂಧ ಬೇಡವೆಂದು ನಾನು ಹೇಳುವುದಿಲ್ಲ. ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಹೆಸರಾದ ಸೀಮೆ ನಮ್ಮದು. ಶ್ರೀಗಂಧವು ದುಬಾರಿಯಾದರೂ ಲಾವಂಚದ ಬೇರಿಗೆ ಹೆಚ್ಚು ಬೆಲೆಯಿಲ್ಲ. ಅದರ ಕಂತೆಯೊಂದನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟರೆ ಬಹುಕಾಲ ಪರಿಮಳವಿರುತ್ತದೆ. ಒಣಗಿದ ಸುರಗಿ ಹೂವೂ ಹಾಗೆಯೇ. ಹಿತ್ತಲಿನಲ್ಲಿ ಮಜ್ಜಿಗೆಹುಲ್ಲನ್ನು ಬೆಳೆಸಿ, ಒಂದು ಹಿಡಿಯನ್ನು ನೀರಿನಲ್ಲಿ ಕುದಿಸಿ ಶೋಧಿಸಿ, ಆರಿದ ನೀರಿನಿಂದ ನೆಲವನ್ನು ಒರೆಸಬಹುದು. ಇವು ಯಾವುವೂ ಹೊಗೆಯನ್ನು ಕೊಡುವುದಿಲ್ಲ.

ಎರಡು ಎಚ್ಚರಿಕೆಗಳು. ಬ್ಲೀಚಿಂಗ್ ಪುಡಿಯನ್ನು ಆಸಿಡ್‌ನೊಡನೆ ಎಂದಿಗೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ. ಫಿನೈಲ್, ಸೀಮೆಎಣ್ಣೆಗಳನ್ನು ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿಡಬೇಡಿ, ಮಕ್ಕಳು ಕುಡಿದುಬಿಡುತ್ತಾರೆ.

ಕೊನೆಯದಾಗಿ ಗಂಡಸರಲ್ಲಿ ಒಂದು ವಿನಂತಿ. ಹಂಚು ಕೈಯಾಡಿಸುವುದು, ಸುಣ್ಣ ಬಳಿಯುವುದು, ಶೌಚಾಲಯ ತೊಳೆಯುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ಇವು ಹೆಂಗಸರ ಕೆಲಸಗಳೆಂದು ಎಲ್ಲಿಯೂ ಬರೆದಿಲ್ಲ. ಮನೆಯ ಗಾಳಿಯನ್ನು ಇಬ್ಬರೂ ಉಸಿರಾಡುವಿರಿ. ಅದನ್ನು ಶುದ್ಧವಾಗಿಡುವ ಹೊಣೆಯೂ ಇಬ್ಬರದು. ಇಂದು ಮನೆಗೆ ಹೋದೊಡನೆ ದಂಪತಿಗಳು ಜೊತೆಯಾಗಿ ಪ್ರತಿ ಕೋಣೆಯಲ್ಲಿಯೂ ಒಮ್ಮೆ ನಿಂತು, ಯಾವ ವಾಸನೆ ಎಲ್ಲಿಂದ ಬರುತ್ತಿದೆಯೆಂದು ವಿಚಾರಿಸಿ, ಮೊದಲು ಒಂದು ಕಿಟಕಿಯನ್ನು ತೆರೆಯಿರಿ.