ನೆಲದಡಿಯ ಪೊಳ್ಳು



ಅಮೆರಿಕಾ ದೇಶದ ಕೆಂಟಕಿ ರಾಜ್ಯದಲ್ಲಿ ಬೌಲಿಂಗ್ ಗ್ರೀನ್ ಎಂಬ ಊರಿದೆ. ಅಲ್ಲಿ ತಯಾರಾಗುವ ಕಾರ್ವೆಟ್ ಎಂಬ, ಇಬ್ಬರೇ ಕೂರುವ ವೇಗದ ಕಾರುಗಳಿಗೆಂದು 1994ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಕಾರಿಗೊಂದು ಮನೆಯೇ ಎಂದು ತಾವು ನಗಬೇಡಿ. ನಾವು ತೇರನ್ನು ಕಾಪಾಡುವಂತೆ ಅವರು ಅವನ್ನು ಒರೆಸಿ ತಿಕ್ಕಿ ಕಾಪಾಡಿದ್ದರು. 2014ರ ಫೆಬ್ರವರಿ 12ರ ಬೆಳಗಿನ ಜಾವ ಆ ಭವನದ ನೆಲ ಕುಸಿಯಿತು. ಸುಮಾರು 40 ಅಡಿ ಅಗಲ, 30 ಅಡಿ ಆಳದ ಕುಳಿ. ಎಂಟು ಕಾರುಗಳು ಅದರೊಳಗೆ ಬಿದ್ದವು. 1962ರ ಕಪ್ಪು ಕಾರು, ಹತ್ತು ಲಕ್ಷದನೆಯ ಕಾರ್ವೆಟ್ ಎಂದು 1992ರಲ್ಲಿ ತಯಾರಾದ ಬಿಳಿಯ ಕಾರು, ಎರಡೂ ಅದರಲ್ಲಿದ್ದವು. ಬಾಗಿಲು ತೆರೆಯುವ ಹೊತ್ತಾಗಿರಲಿಲ್ಲವಾದ್ದರಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಅಲ್ಲಿಯದು ಸುಣ್ಣಕಲ್ಲಿನ ನೆಲ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ತುಸು ಹುಳಿಗುಣವನ್ನು ಪಡೆದು ಬಿರುಕುಗಳಲ್ಲಿ ಇಳಿಯುತ್ತದೆ, ಕಲ್ಲನ್ನು ಕರಗಿಸುತ್ತದೆ. ಬಹುಕಾಲ ಹೀಗಾದಾಗ ಅಡಿಯಲ್ಲಿ ಗುಹೆಯಾಗುತ್ತದೆ. ಲೋಕದಲ್ಲಿ ಗೊತ್ತಿರುವ ಅತಿ ಉದ್ದದ ಗುಹೆಯಾದ ಮ್ಯಾಮತ್ ಗುಹೆ ಆ ಊರಿಗೆ ದೂರವಿಲ್ಲ. ಹಿಂದಿನ ದಿನದವರೆಗೂ ಮೇಲಿನ ನೆಲಗಟ್ಟು ಹೊಳೆಯುತ್ತಲೇ ಇತ್ತು.

"ಬುದ್ಧೀ, ನಮ್ಮಲ್ಲೂ ಹೀಗಾದೀತೇ?" ಎಂದು ತಾವು ಕೇಳಬಹುದು. ಹೀಗೆಯೇ ಆಗಲಾರದು. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ನೋಡಿ. ಅದು ನೀರಿಗೆ ಹಾಗೆ ಕರಗುವ ಕಲ್ಲಲ್ಲ. ಆದರೆ ನಮ್ಮ ನೆಲದಡಿಯೂ ಬೇರೊಂದು ಬಗೆಯಲ್ಲಿ ಬರಿದಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ತಲಪರಿಗೆಗಳಿದ್ದವಲ್ಲವೇ? ಮರಳು ನೆಲದಲ್ಲಿ ಸ್ವಲ್ಪ ತೋಡಿದರೆ ನೀರು ಒಸರುತ್ತಿತ್ತು. ಅದನ್ನು ಕಾಲುವೆಯಲ್ಲಿ ಹರಿಸಿ, ಸರದಿಯ ಮೇಲೆ ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದರು. ಊರವರೇ ಸೇರಿ ಹೂಳು ತೆಗೆಯುತ್ತಿದ್ದರು. ಕೊಳವೆ ಬಾವಿಗಳು ನೂರಾರು ಅಡಿ ಇಳಿದವು. ಮರಳು ಲಾರಿ ಹತ್ತಿತು. ಎಷ್ಟೋ ತಲಪರಿಗೆಗಳು ಬತ್ತಿದವು. ಪಾವಗಡದ ಕಡೆ ಆಳದ ನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದಿತು. ಇಲ್ಲಿ ನೆಲ ಕುಸಿದ ಸದ್ದೇ ಆಗಲಿಲ್ಲ, ಅಷ್ಟೆ.

ಕೆಂಟಕಿಯವರು ಎಂಟು ಕಾರುಗಳನ್ನೂ ಮೇಲೆತ್ತಿದರು. ಮೂರನ್ನು ಸರಿಪಡಿಸಿದರು, 1962ರ ಕಾರು ಸಿದ್ಧವಾದದ್ದು 2018ರಲ್ಲಿ. ಉಳಿದ ಐದನ್ನು ನಜ್ಜುಗುಜ್ಜಾದ ಸ್ಥಿತಿಯಲ್ಲಿಯೇ ಜನರ ಮುಂದಿಟ್ಟರು. ಕುಳಿಯನ್ನು ತುಂಬಿ, ಅದರ ಅಂಚನ್ನು ಹೊಸ ನೆಲದ ಮೇಲೆ ಗುರುತು ಮಾಡಿದರು. ಈ ಕೆಲಸ ನಮಗೆ ಬಹಳ ಮೆಚ್ಚಿಗೆಯಾಯಿತು. ನಮ್ಮ ಎಷ್ಟೋ ಊರುಗಳಲ್ಲಿ ತಲಪರಿಗೆ ಎಲ್ಲಿತ್ತೆಂದು ತೋರಿಸುವ ಒಂದು ಕಲ್ಲೂ ಇಲ್ಲ. ತಿಳಿದ ಹಿರಿಯರು ಇರುವಾಗಲೇ ಅವರನ್ನು ಕರೆದೊಯ್ದು ಜಾಗವನ್ನು ಗುರುತು ಮಾಡಿಸಿಕೊಳ್ಳಿ. ಇನ್ನೂ ಒಸರುವ ಕಡೆ, ಮುಂಗಾರಿಗೆ ಮೊದಲು, ಮನೆಗೊಬ್ಬರಂತೆ ಹೂಳು ತೆಗೆಯಲು ಬನ್ನಿ. ಗುದ್ದಲಿ, ಮಂಕರಿಗಳನ್ನು ಮಠದಿಂದ ಕೊಡಿಸುತ್ತೇವೆ.