ಗೃಹಸ್ಥರ ದಿನಚರಿಯಲ್ಲಿ ಶ್ರುತದ ಕಂಠಪಾಠ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಪಂಚಕಲ್ಯಾಣಗಳಲ್ಲಿ ನಾಲ್ಕನೆಯದಾದ ಕೇವಲಜ್ಞಾನ ಕಲ್ಯಾಣದ ದಿನ ಸಮವಸರಣದ ರಚನೆಯಾಗುತ್ತದೆ. ನೆರೆದ ಶ್ರಾವಕರೆಲ್ಲರೂ ಗಂಧಕುಟಿಯ ಕಡೆಗೆ ಕೈ ಮುಗಿದು ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ನೆನೆಯತಕ್ಕ ಸಂಗತಿಯೊಂದುಂಟು. ಭಗವಾನ್ ಮಹಾವೀರಸ್ವಾಮಿಯ ದಿವ್ಯಧ್ವನಿಯನ್ನು ಆಲಿಸಿದ ಗೌತಮ ಗಣಧರರು ಅದನ್ನು ದ್ವಾದಶಾಂಗಗಳಾಗಿ ಹೊಂದಿಸಿದಾಗ ಓಲೆಯನ್ನಾಗಲಿ ಕಂಟವನ್ನಾಗಲಿ ಆಶ್ರಯಿಸಲಿಲ್ಲ. ಕೇಳಿದರು, ಧಾರಣೆ ಮಾಡಿದರು, ಶಿಷ್ಯರಿಗೆ ಹೇಳಿದರು. ಜಿನವಾಣಿಗೆ ಶ್ರುತವೆಂಬ ಹೆಸರು ನಿಂತಿರುವುದೂ ಇದೇ ಅರ್ಥದಿಂದ. ಶ್ರುತವೆಂದರೆ ಕೇಳಿದ್ದು. ದಿಗಂಬರ ಪರಂಪರೆಯ ಗಣನೆಯಂತೆ ವೀರನಿರ್ವಾಣದ ನಂತರ ೬೮೩ ವರ್ಷಗಳ ಕಾಲ ಅಂಗಜ್ಞಾನವು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದು ಬಂದಿತು. ಆದರೆ ಅದು ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸುತ್ತಲೂ ಬಂದಿತೆಂಬುದನ್ನು ಮರೆಯುವಂತಿಲ್ಲ.

ಗಿರಿನಗರದ ಚಂದ್ರಗುಹೆಯಲ್ಲಿ ವಾಸವಾಗಿದ್ದ ಧರಸೇನಾಚಾರ್ಯರಿಗೆ ಇದೇ ಚಿಂತೆಯಾಯಿತು. ತಮ್ಮ ಆಯುಷ್ಯ ಅಲ್ಪವಾಗಿ ಉಳಿದಿರುವುದನ್ನು ಅರಿತು, ದಕ್ಷಿಣಾಪಥದ ಮುನಿಸಂಘಕ್ಕೆ ಪತ್ರವನ್ನು ಕಳುಹಿಸಿ ಇಬ್ಬರು ಸಮರ್ಥ ಮುನಿಗಳನ್ನು ಕರೆಯಿಸಿಕೊಂಡರು. ಪಾಠಕ್ಕೆ ಮೊದಲು ಪರೀಕ್ಷೆಯಿತ್ತು. ಒಬ್ಬರಿಗೆ ಒಂದು ಅಕ್ಷರ ಹೆಚ್ಚಾದ ಮಂತ್ರವನ್ನೂ, ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಾದ ಮಂತ್ರವನ್ನೂ ಕೊಟ್ಟು, ಎರಡು ದಿನದ ಉಪವಾಸದಿಂದ ಸಾಧಿಸಬೇಕೆಂದು ಆಜ್ಞಾಪಿಸಿದರು. ಸಾಧನೆಯ ಕೊನೆಯಲ್ಲಿ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲುಗಳು ಹೊರಚಾಚಿದ್ದವು. ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ವಿಕಾರವಿರಲಾರದೆಂದು ವಿಚಾರಿಸಿದ ಆ ಮುನಿಗಳು, ದೋಷವಿರುವುದು ಮಂತ್ರದ ಅಕ್ಷರದಲ್ಲಿಯೇ ಎಂದು ಕಂಡುಕೊಂಡು, ಹೆಚ್ಚಾದುದನ್ನು ತೆಗೆದು, ಕೊರತೆಯಾದುದನ್ನು ತುಂಬಿ, ಮರಳಿ ಜಪಿಸಿದರು. ಇಂಥವರ ಕೈಯಲ್ಲಿ ಶ್ರುತವು ಸುರಕ್ಷಿತವೆಂದು ಆಚಾರ್ಯರಿಗೆ ನಂಬಿಕೆಯಾಯಿತು. ಅವರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ಇಂದಿನ ಬನವಾಸಿಯ ಸೀಮೆಗೆ ಬಂದು, ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ, ಅವುಗಳನ್ನು ಜಿನಪಾಲಿತನೆಂಬ ಶಿಷ್ಯನಿಗೆ ಕಲಿಸಿ ಭೂತಬಲಿಗಳ ಬಳಿಗೆ ಕಳುಹಿಸಿದರೆಂದು ಧವಳಾ ಟೀಕೆಯಿಂದ ತಿಳಿದುಬರುತ್ತದೆ. ಷಟ್ಖಂಡಾಗಮದ ಪೂರ್ಣತೆಯ ನೆನಪಿಗಾಗಿ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಆ ಗ್ರಂಥದ ತಾಳೆಯೋಲೆಗಳನ್ನು ಮೂಡಬಿದಿರೆಯ ಸಿದ್ಧಾಂತ ಬಸದಿ ಶತಮಾನಗಳ ಕಾಲ ಕಾಪಾಡಿತು. ಧವಳಾ ಟೀಕೆಯ ಮುದ್ರಣ ಆರಂಭವಾದುದು ೧೯೩೯ರಲ್ಲಿ. ಓಲೆಗೂ ಮೊದಲು ಅದನ್ನು ಕಾಪಾಡಿದುದು ಮಾತ್ರ ಇಬ್ಬರು ಮುನಿಗಳ ನಾಲಗೆ.

ಇದು ಮುನಿಗಳ ಮಾತಾಯಿತು. ಬೆಳಗಾದರೆ ಹಾಲು ಕರೆಯಬೇಕಾದ, ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾದ, ಅಂಗಡಿಯ ಬಾಗಿಲು ತೆರೆಯಬೇಕಾದ ಗೃಹಸ್ಥರಿಗೆ ಇದು ಸಾಧ್ಯವೆ ಎಂದು ಕೇಳುವವರುಂಟು. ಶ್ರಾವಕನ ಷಟ್ಕರ್ಮಗಳಾದ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಇವು ದಿನದಿನವೂ ಮಾಡತಕ್ಕವೆಂದು ಆಚಾರ್ಯರು ವಿಧಿಸಿರುವುದು ಗೃಹಸ್ಥನಿಗೇ ಹೊರತು ಮುನಿಗಲ್ಲ. ಅವುಗಳಲ್ಲಿ ಸ್ವಾಧ್ಯಾಯಕ್ಕೆ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದು ಭೇದಗಳು. ಆಮ್ನಾಯವೆಂದರೆ ಉಚ್ಚಾರಣೆಯ ಶುದ್ಧಿಯಿಂದ ಪಾಠವನ್ನು ಮರಳಿ ಮರಳಿ ಆವರ್ತಿಸುವುದು. ಈಗಿನ ಮಾತಿನಲ್ಲಿ ಬಾಯಿಪಾಠ. ಪುಸ್ತಕ ತೆರೆದು ಓದುವುದಷ್ಟೇ ಸ್ವಾಧ್ಯಾಯವೆಂಬ ತಿಳಿವಳಿಕೆ ಅಚ್ಚಿನ ಪುಸ್ತಕಗಳು ಸುಲಭವಾದ ಮೇಲೆ ಬಂದುದು.

ತತ್ತ್ವಾರ್ಥಸೂತ್ರದ ಹುಟ್ಟಿನ ಬಗ್ಗೆ ಹೇಳುವ ಕಥೆಯೇ ಒಬ್ಬ ಗೃಹಸ್ಥನ ಕಥೆ. ಸೌರಾಷ್ಟ್ರದ ಒಬ್ಬ ಶ್ರಾವಕನು ಮೋಕ್ಷಶಾಸ್ತ್ರವೊಂದನ್ನು ಬರೆಯಬೇಕೆಂದು ಸಂಕಲ್ಪಿಸಿ, ದಿನಕ್ಕೆ ಒಂದು ಸೂತ್ರವನ್ನಾದರೂ ಬರೆಯದೆ ಊಟ ಮಾಡುವುದಿಲ್ಲವೆಂದು ನಿಯಮ ಹಿಡಿದನಂತೆ. ದರ್ಶನ, ಜ್ಞಾನ, ಚಾರಿತ್ರಗಳು ಮೋಕ್ಷಮಾರ್ಗವೆಂಬ ಮೊದಲ ಸೂತ್ರವನ್ನು ಮನೆಯಲ್ಲಿ ಬರೆದಿಟ್ಟು, ಯಾವುದೋ ಕೆಲಸದ ಮೇಲೆ ಹೊರಗೆ ಹೋದನು. ಅಷ್ಟರಲ್ಲಿ ಆಹಾರಕ್ಕಾಗಿ ಬಂದ ಉಮಾಸ್ವಾಮಿಗಳು ಅದನ್ನು ಕಂಡು, ಮೊದಲಿಗೆ ‘ಸಮ್ಯಕ್’ ಎಂಬ ಪದವನ್ನು ಸೇರಿಸಿ ತೆರಳಿದರು. ಮರಳಿ ಬಂದ ಶ್ರಾವಕನು ಮನೆಯವರಿಂದ ವಿಷಯವನ್ನು ತಿಳಿದು, ಮುನಿಗಳನ್ನು ಅರಸಿಕೊಂಡು ಹೋಗಿ, ಇಂಥ ಗ್ರಂಥವನ್ನು ತಾವೇ ರಚಿಸಬೇಕೆಂದು ಬೇಡಿಕೊಂಡನು. ಸೂತ್ರವನ್ನು ಸಂಪೂರ್ಣಗೊಳಿಸುವ ಶಕ್ತಿ ಆ ಗೃಹಸ್ಥನಿಗಿರಲಿಲ್ಲ; ದಿನಕ್ಕೊಂದು ಎಂಬ ನಿಯಮ ಮಾತ್ರ ಅವನದೇ.

ಆ ನಿಯಮವನ್ನೇ ಹಿಡಿದು ಲೆಕ್ಕ ಹಾಕಿ ನೋಡಬಹುದು. ದಿಗಂಬರ ಪಾಠದಂತೆ ತತ್ತ್ವಾರ್ಥಸೂತ್ರದಲ್ಲಿ ೧೦ ಅಧ್ಯಾಯಗಳು, ೩೫೭ ಸೂತ್ರಗಳು. ದಿನಕ್ಕೊಂದರಂತೆ ಕಲಿತರೆ ವರ್ಷ ತುಂಬುವುದಕ್ಕೆ ಇನ್ನೂ ಎಂಟು ದಿನ ಉಳಿದಿರುತ್ತದೆ. ಆದರೆ ಇದು ಕಾಗದದ ಮೇಲಿನ ಲೆಕ್ಕ. ಹೊಸದನ್ನು ಕಲಿಯುವ ಭರದಲ್ಲಿ ಹಳೆಯದು ಜಾರಿಹೋಗುವುದು ಎಲ್ಲರಿಗೂ ಅನುಭವವಿರುವ ಸಂಗತಿ. ಆದುದರಿಂದ ಒಂದು ದಿನ ಹೊಸ ಸೂತ್ರ, ಮರುದಿನ ಹಿಂದಿನವುಗಳ ಆವರ್ತನೆ ಎಂದು ಇಟ್ಟುಕೊಂಡರೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆಯಾಗುತ್ತದೆ. ಮೊದಲ ಅಧ್ಯಾಯದ ೩೩ ಸೂತ್ರಗಳಲ್ಲಿ ಬಹುಪಾಲು ಚಿಕ್ಕವು. ಎರಡನೆಯದರಲ್ಲಿ ೫೩ ಸೂತ್ರಗಳಿದ್ದರೂ ಹಲವು ಎರಡು ಮೂರು ಪದಗಳಷ್ಟೇ. ಕಷ್ಟ ಬರುವುದು ಆರನೆಯ ಅಧ್ಯಾಯದ ಷೋಡಶಭಾವನೆಗಳ ಸೂತ್ರದಲ್ಲಿ, ಒಂಬತ್ತನೆಯದರ ಇಪ್ಪತ್ತೆರಡು ಪರೀಷಹಗಳ ಸೂತ್ರದಲ್ಲಿ. ಅಂಥವುಗಳಿಗೆ ಒಂದು ದಿನ ಸಾಲದು. ಪದಚ್ಛೇದ ಮಾಡಿ, ನಾಲ್ಕು ನಾಲ್ಕು ಹೆಸರುಗಳನ್ನಾಗಿ ಒಡೆದು, ಒಂದು ವಾರ ಕೊಟ್ಟರೂ ಅಡ್ಡಿಯಿಲ್ಲ. ಭಕ್ತಾಮರ ಸ್ತೋತ್ರದ ಲೆಕ್ಕ ಬೇರೆ. ಅದರ ೪೮ ಪದ್ಯಗಳು ವಸಂತತಿಲಕ ವೃತ್ತದವು. ಪಾದಕ್ಕೆ ೧೪ ಅಕ್ಷರ. ದಿನಕ್ಕೊಂದು ಪಾದವೆಂದರೆ ೧೯೨ ದಿನಗಳು. ಲಯವು ಕೈ ಹಿಡಿದು ನಡೆಸುವುದರಿಂದ ಸ್ತೋತ್ರ ಬೇಗ ಬರುತ್ತದೆ, ಗದ್ಯದ ಸೂತ್ರ ತಡವಾಗಿ ಬರುತ್ತದೆ. ಪ್ರಾಕೃತದ ಪರಿಚಯ ಬೇಕೆನ್ನುವವರಿಗೆ ನೇಮಿಚಂದ್ರರ ದ್ರವ್ಯಸಂಗ್ರಹದ ೫೮ ಗಾಹೆಗಳುಂಟು.

ಸಮಯವೆಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಜೈನ ಮನೆತನಗಳಿಗೆ ಹಿರಿಯರು ಬಿಟ್ಟುಹೋದ ಒಂದು ಸೌಕರ್ಯವಿದೆ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ಒಲೆ ಆರಿರುತ್ತದೆ, ಪಾತ್ರೆಗಳು ತೊಳೆದಿರುತ್ತವೆ. ದೀಪ ಹಚ್ಚಿದ ಮೇಲೆ ಮಲಗುವವರೆಗಿನ ಹೊತ್ತು ಸ್ವಾಧ್ಯಾಯಕ್ಕೆಂದೇ ಉಳಿದಂತೆ. ಹಿಂದಿನವರ ಬಾಯಲ್ಲಿ ಅಷ್ಟೊಂದು ಪಾಠ ನಿಂತಿದ್ದುದರ ಗುಟ್ಟು ಈ ಹೊತ್ತಿನಲ್ಲಿದೆ. ಪಟ್ಟಣದ ಉದ್ಯೋಗಸ್ಥರು ಮನೆ ಸೇರುವುದೇ ದೀಪ ಹಚ್ಚಿದ ಮೇಲೆ ಎಂಬುದು ನಿಜ. ಅಂಥವರಿಗೆ ಬೆಳಗಿನ ಸ್ನಾನದ ನಂತರದ ಹತ್ತು ನಿಮಿಷವೂ, ಬಸ್ಸಿನ ಪ್ರಯಾಣವೂ ಇದೆ. ಬೆಳಿಗ್ಗೆ ಹೊಸ ಪಾಠ, ದಾರಿಯಲ್ಲಿ ಅದರ ಮನನ, ರಾತ್ರಿ ಮಲಗುವ ಮುನ್ನ ಪುಸ್ತಕ ನೋಡದೆ ಒಂದು ಸಲ ಒಪ್ಪಿಸುವುದು. ಇಷ್ಟು ನಡೆದರೆ ಸಾಕು.

ಮನೆಗೆಲಸದ ನಡುವೆಯೇ ಪಾಠ ಮಾಡಿಕೊಳ್ಳುವ ತಾಯಂದಿರು ಪ್ರತಿ ಊರಿನಲ್ಲಿಯೂ ಇದ್ದಾರೆ. ಇಲ್ಲಿ ಒಂದು ವಿವೇಕ ಅಗತ್ಯ. ನೀರು ಸೋಸುವಾಗ, ಅಕ್ಕಿಬೇಳೆ ಆರಿಸುವಾಗ, ಒಲೆ ಹಚ್ಚುವಾಗ ಕಣ್ಣು ಮನಸ್ಸು ಎರಡೂ ಸೂಕ್ಷ್ಮ ಜೀವಿಗಳ ಮೇಲಿರಬೇಕು; ಅದೇ ಯತ್ನಾಚಾರ. ಅಹಿಂಸೆಯ ಸೂತ್ರವನ್ನು ಬಾಯಲ್ಲಿ ಹೇಳುತ್ತ ಬೇಳೆಯೊಳಗಿನ ಹುಳುವನ್ನು ಕಾಣದೆ ಹೋದರೆ ಆ ಪಾಠದಿಂದ ಫಲವೇನು? ಗಂಧ ತೇಯುವುದು, ಹೂ ಕಟ್ಟುವುದು, ಒಗೆದ ಬಟ್ಟೆ ಮಡಿಸುವುದು, ಬಸದಿಗೆ ನಡೆದು ಬರುವುದು ಇಂಥ ಕೆಲಸಗಳು ಆವರ್ತನೆಗೆ ಅನುಕೂಲ. ಮೈಲಿಗೆ, ಸೂತಕಗಳ ಶಂಕೆ ಕೆಲವರಿಗುಂಟು. ಶಾಸ್ತ್ರಪಾಠಕ್ಕೆ ಕಾಲಶುದ್ಧಿ, ವಿನಯಗಳು ಹೇಳಲ್ಪಟ್ಟಿವೆ, ಅವುಗಳನ್ನು ಪಾಲಿಸತಕ್ಕದ್ದೇ. ಮೂವತ್ತೈದು ಅಕ್ಷರಗಳ ಪಂಚನಮಸ್ಕಾರ ಮಂತ್ರಕ್ಕಾದರೋ ಯಾವ ಸ್ಥಿತಿಯಲ್ಲಿಯೂ ಸ್ಮರಣೆಗೆ ಅಡ್ಡಿಯಿಲ್ಲವೆಂದೇ ಪರಂಪರೆಯ ಮಾತು.

ಅರ್ಥವಿಲ್ಲದ ಬಾಯಿಪಾಠ ಗಿಳಿಪಾಠವೆಂದು ಹಂಗಿಸುವವರಿದ್ದಾರೆ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ವ್ಯಂಜನಶುದ್ಧಿ, ಅರ್ಥಶುದ್ಧಿ, ಉಭಯಶುದ್ಧಿ ಎಂದು ಮೂರನ್ನು ಬೇರೆ ಬೇರೆಯಾಗಿಯೇ ಎಣಿಸಿದ್ದಾರೆ. ಅಕ್ಷರ ಮೊದಲು ಬರುವುದು ತಪ್ಪಲ್ಲ. ಅರ್ಥ ಬರದೆಯೇ ನಿಂತುಬಿಡುವುದು ತಪ್ಪು. ದಶಲಕ್ಷಣ ಪರ್ವದಲ್ಲಿ ಸೂತ್ರಪಾಠವನ್ನು ರೈಲಿನ ವೇಗದಲ್ಲಿ ಮುಗಿಸುವುದನ್ನೂ, ಮಕ್ಕಳನ್ನು ಸ್ಪರ್ಧೆಗೆ ನಿಲ್ಲಿಸಿ ಬೆಳ್ಳಿಯ ಲೋಟ ಕೊಟ್ಟ ಮರುದಿನವೇ ಪಾಠವನ್ನು ಮರೆಯಗೊಡುವುದನ್ನೂ ಹೊಗಳಲಾಗದು. ಗ್ರಂಥವನ್ನು ಒಮ್ಮೆ ಪಠಿಸಿದರೆ ಒಂದು ಉಪವಾಸದ ಫಲವೆಂದು ಹಿರಿಯರು ಹೇಳಿದ್ದಾರೆ. ಉಪವಾಸವನ್ನಂತೂ ಯಾರೂ ಅವಸರದಿಂದ ಮುಗಿಸಲಾರರು.

ನೆನಪು ಮಂದವಾಗಿರುವವರು ಶಿವಭೂತಿ ಮುನಿಗಳ ಕಥೆಯನ್ನು ಕೇಳಬೇಕು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಅವರನ್ನು ನೆನೆದಿದ್ದಾರೆ. ಎಷ್ಟು ಹೇಳಿಕೊಟ್ಟರೂ ಅವರಿಗೆ ಪಾಠ ನಿಲ್ಲುತ್ತಿರಲಿಲ್ಲ. ತುಷ ಬೇರೆ, ಮಾಷ ಬೇರೆ, ಅಂದರೆ ಸಿಪ್ಪೆ ಬೇರೆ, ಉದ್ದು ಬೇರೆ ಎಂಬಷ್ಟನ್ನೇ ಗುರುಗಳು ಕಲಿಸಿದರು, ಅದೂ ಮರೆತುಹೋಯಿತು. ಒಂದು ದಿನ ಒಬ್ಬ ಹೆಂಗಸು ಉದ್ದನ್ನು ತೊಳೆದು ಸಿಪ್ಪೆಯನ್ನು ಬೇರ್ಪಡಿಸುತ್ತಿದ್ದುದನ್ನು ಕಂಡು ಏನು ಮಾಡುತ್ತಿರುವೆಯೆಂದು ಕೇಳಿದರು. ಅವಳ ಉತ್ತರದಲ್ಲಿ ಮರೆತ ಮಾತು ಮರಳಿ ದೊರಕಿತು. ದೇಹ ಬೇರೆ, ಆತ್ಮ ಬೇರೆ ಎಂಬ ಭಾವ ಶುದ್ಧವಾಗಿ, ಅವರಿಗೆ ಕೇವಲಜ್ಞಾನವಾಯಿತು. ದೊಡ್ಡ ಪಂಡಿತರಿಗೆ ಗುಹೆಯಲ್ಲಿ ದೊರೆಯದ ಪಾಠ ಅಡಿಗೆಯ ಅಂಗಳದಲ್ಲಿ ದೊರೆಯಿತು. ಇಡ್ಲಿಗೆ ಉದ್ದು ನೆನೆಹಾಕುವ ಯಾವ ಮನೆಯವರಿಗೂ ಈ ಕಥೆ ದೂರದ್ದಲ್ಲ.

ಕಂಠಸ್ಥವಾದ ಸೂತ್ರವು ಪುಸ್ತಕದ ಸೂತ್ರದಂತೆ ಕಪಾಟಿನಲ್ಲಿ ಕುಳಿತಿರುವುದಿಲ್ಲ. ಏಳನೆಯ ಅಧ್ಯಾಯದ ೨೭ನೆಯ ಸೂತ್ರ ಅಚೌರ್ಯವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ. ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಾನೂನನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಂದು ಪದಾರ್ಥದಲ್ಲಿ ಇನ್ನೊಂದನ್ನು ಬೆರಸುವುದು. ಇದನ್ನು ಬಲ್ಲ ವ್ಯಾಪಾರಿಯ ಕೈಯಲ್ಲಿ ತಕ್ಕಡಿಯಿದ್ದಾಗ ಸೂತ್ರ ತಾನಾಗಿ ಬಾಯಿಗೆ ಬರುತ್ತದೆ. ಬಂದ ಮೇಲೆ ಕೈ ಅಷ್ಟು ಸುಲಭವಾಗಿ ಓರೆಯಾಗದು. ಅದೇ ಅಧ್ಯಾಯದ ೨೫ನೆಯ ಸೂತ್ರ ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಅತಿಯಾದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಇವುಗಳನ್ನು ಅಹಿಂಸಾವ್ರತದ ಅತಿಚಾರಗಳೆನ್ನುತ್ತದೆ. ಎತ್ತಿನ ಗಾಡಿಗಳು ವಿರಳವಾದರೂ ಭಾರ ಹೇರುವುದು ನಿಂತಿಲ್ಲ. ತೋಟದ ಆಳಿಗೂ ಮನೆಯ ಕೆಲಸದವಳಿಗೂ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿತೆ ಎಂದು ಯಜಮಾನಿತಿಗೆ ನೆನಪಿಸುವುದಕ್ಕೆ ಈ ಸೂತ್ರ ಬಾಯಲ್ಲಿದ್ದರೆ ಬೇರೆಯವರು ಬೇಕಾಗುವುದಿಲ್ಲ.

ಈಗ ಮೊಬೈಲಿನಲ್ಲಿ ಬೇಕಾದ ಪಾಠ ಕೇಳಿಬರುತ್ತದೆ. ಉಚ್ಚಾರಣೆಯನ್ನು ತಿದ್ದಿಕೊಳ್ಳುವುದಕ್ಕೆ ಅದು ಉಪಕಾರಿಯೇ ಸರಿ, ಗುರುಗಳು ಹತ್ತಿರವಿಲ್ಲದ ಊರುಗಳಲ್ಲಿ ವಿಶೇಷವಾಗಿ. ಆದರೆ ಯಂತ್ರ ಹೇಳುತ್ತಿರುವಾಗ ಬಾಯಿ ಸುಮ್ಮನಿದ್ದರೆ ಕಲಿತವರು ಯಾರೂ ಇಲ್ಲ. ಒಂದು ಸಲ ಕೇಳಿ, ಎರಡು ಸಲ ಹೇಳಬೇಕು.

ಮುಪ್ಪಿನ ಮಾತನ್ನೂ ಹೇಳಬೇಕಾಗಿದೆ. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾದಾಗ, ಕಾಲು ನಡೆಯದೆ ಬಸದಿ ದೂರವಾದಾಗ, ಜೀವಕ್ಕೆ ಜೊತೆಯಾಗಿ ಉಳಿಯುವುದು ಬಾಯಲ್ಲಿರುವುದಷ್ಟೇ. ಸಮಾಧಿಮರಣವನ್ನು ಬಯಸದ ಶ್ರಾವಕರಿಲ್ಲ. ದಿನನಿತ್ಯದ ಪ್ರಾರ್ಥನೆಯಲ್ಲಿ ಅದನ್ನು ಬೇಡದವರಿಲ್ಲ. ಆ ಹೊತ್ತಿನಲ್ಲಿ ಹಾಸಿಗೆಯ ಪಕ್ಕದಲ್ಲಿ ಕುಳಿತು ನಿಧಾನವಾಗಿ, ತಪ್ಪಿಲ್ಲದೆ ಪಾಠ ಹೇಳಬಲ್ಲವರು ಮನೆಯಲ್ಲಿ ಒಬ್ಬರಾದರೂ ಬೇಕು. ಕೆಲವು ಮನೆಗಳಲ್ಲಿ ಅಂಥವರು ಅಜ್ಜಿಯೊಬ್ಬರೇ ಆಗಿರುತ್ತಾರೆ. ಅಜ್ಜಿಯೇ ಮಲಗಿದಾಗ ಪುಸ್ತಕ ಹುಡುಕಬೇಕಾಗುತ್ತದೆ, ಬಸದಿಯ ಇಂದ್ರರಿಗೆ ಹೇಳಿ ಕಳುಹಿಸಬೇಕಾಗುತ್ತದೆ. ಮೊಮ್ಮಕ್ಕಳು ಅಜ್ಜಿಯ ಬಾಯಿಂದ ಕಲಿಯುವ ಕಾಲ ಇದಕ್ಕಿಂತ ಬಹಳ ಮುಂಚಿನದು. ಸೊಸೆಯಂದಿರೂ ಕಲಿಯಬೇಕು, ಗಂಡುಮಕ್ಕಳೂ ಕಲಿಯಬೇಕು. ಪಾಠವೆಂಬುದು ಹೆಂಗಸರ ಪಾಲಿನದೆಂದು ಬಿಟ್ಟುಬಿಡುವ ರೂಢಿ ಹಲವು ಮನೆಗಳಲ್ಲಿ ಎಂದು ಬೆಳೆಯಿತೋ, ಅಲ್ಲಿಂದಲೇ ಅರ್ಧ ಮನೆ ಮೂಕವಾಯಿತು.

ಆರಂಭಕ್ಕೆ ಶ್ರುತಪಂಚಮಿ ಒಳ್ಳೆಯ ದಿನ; ಬಿಂಬಪ್ರತಿಷ್ಠೆಯ ಈ ದಿನಗಳೂ ಅದಕ್ಕೆ ಕಡಿಮೆಯಲ್ಲ. ಗೋಡೆಗೆ ಒಂದು ಹಲಗೆಯನ್ನು ತೂಗುಹಾಕಿ, ಸೌರಾಷ್ಟ್ರದ ಆ ಶ್ರಾವಕನಂತೆ ದಿನದ ಸೂತ್ರವನ್ನು ಬರೆದಿಟ್ಟರೆ ಹೋಗಿ ಬರುವವರೆಲ್ಲರ ಕಣ್ಣಿಗೂ ಬೀಳುತ್ತದೆ. ೩೫೭ ಎಂಬ ಸಂಖ್ಯೆಯನ್ನು ಕೇಳಿಯೇ ಹಿಂಜರಿಯುವವರು ಮೋಕ್ಷತತ್ತ್ವವನ್ನು ಹೇಳುವ ಹತ್ತನೆಯ ಅಧ್ಯಾಯದಿಂದ ಕಲಿಯತೊಡಗಿದರೂ ಬಾಧಕವಿಲ್ಲ. ಅದರಲ್ಲಿರುವುದು ೯ ಸೂತ್ರಗಳು. ಒಂಬತ್ತು ಸಂಜೆಗಳ ಕೆಲಸ.