ಗುಡಿಯಿಲ್ಲದ ಕಾಲದ ಆರಾಧನೆ

ಚಳ್ಳಕೆರೆಯಿಂದ ದೊಡ್ಡಉಳ್ಳಾರ್ತಿಯ ಕಡೆಗೆ ಹೊರಟವರಿಗೆ ಕಾಣುವುದು ಬಯಲು; ಬಯಲಿನಲ್ಲಿ ಕುರಿಮಂದೆ. ಇದೇ ತಾಲ್ಲೂಕಿನ ಕಾಡುಗೊಲ್ಲರು ಕ್ಯಾತಪ್ಪನ ಜಾತ್ರೆಗೆ ಮುಳ್ಳುಕಂಟಿಗಳಿಂದ ಗುಡಿ ಕಟ್ಟುತ್ತಾರೆ. ಕಲ್ಲಿನ ದೇವಾಲಯಗಳನ್ನು ಮಾತ್ರ ಕಂಡವರು ಇದನ್ನು ನೋಡಿ, ‘ಈ ವಿಧಿಯನ್ನು ಹೇಳಿಕೊಟ್ಟವರಾರು?’ ಎಂದು ಕೇಳದಿರರು. ಬೈಬಲಿನ ಮೊದಲ ಪುಟಗಳನ್ನು ಓದುವಾಗಲೂ ಏಳುವ ಪ್ರಶ್ನೆ ಅದೇ. ಅದಕ್ಕೆ ಕ್ರೈಸ್ತರಲ್ಲಿ ಕಾಲ್ವಿನನ ಪರಂಪರೆಯವರು, ಅಂದರೆ ರಿಫಾರ್ಮ್ಡ್ ಪಂಥದವರು, ಕೊಡುವ ಉತ್ತರವನ್ನು ನಿಮ್ಮ ಮುಂದಿಡುತ್ತೇನೆ. ನಾನು ಆ ಮತದವನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಗ್ರಂಥವೇನೋ ನಮಗೆ ದೂರದ್ದಲ್ಲ. ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು.

ಆದಾಮನ ಮಕ್ಕಳಲ್ಲಿ ಹೇಬೆಲನು ಕುರಿ ಕಾಯುವವನು, ಕಾಯಿನನು ಹೊಲ ಉಳುವವನು. ಒಬ್ಬನು ಚೊಚ್ಚಲ ಮರಿಗಳನ್ನು ತಂದನು, ಮತ್ತೊಬ್ಬನು ಬೆಳೆಯನ್ನು ತಂದನು. ದೇವರು ಹೇಬೆಲನನ್ನು ಮೆಚ್ಚಿ ಕಾಯಿನನನ್ನು ಮೆಚ್ಚಲಿಲ್ಲ. ಶೇಂಗಾ ಬೆಳೆಯುವ ನಮ್ಮ ರೈತನಿಗೆ ಇದು ಅನ್ಯಾಯವೆಂದು ತೋರದೆ?

ಆ ಪಂಥದವರ ಸಿದ್ಧಾಂತಕ್ಕೆ ಬುಡವೇ ಒಡಂಬಡಿಕೆ. ತೋಟದಲ್ಲಿದ್ದ ಆದಾಮನೊಡನೆ ದೇವರದು ಕ್ರಿಯೆಯ ಒಡಂಬಡಿಕೆ: ವಿಧೇಯನಾದರೆ ಜೀವ. ಅದು ಮುರಿದ ಮೇಲೆ ಕೃಪೆಯ ಒಡಂಬಡಿಕೆ. ಆರಾಧನೆಯೆಂದರೆ ಆ ಕೃಪೆಗೆ ಮನುಷ್ಯನು ಕೊಡುವ ಮರುಮಾತು. ಆದಕಾರಣ ಅದರ ರೀತಿಯನ್ನು ಗೊತ್ತುಮಾಡತಕ್ಕವನು ದೇವರೇ, ಮನುಷ್ಯನ ಕಲ್ಪನೆಯಲ್ಲ. 1646ರಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವು ಇದನ್ನು ಖಂಡಿತವಾಗಿ ಹೇಳುತ್ತದೆ.

ಹಾಗಾದರೆ ಹೇಬೆಲನಿಗೆ ಬಲಿಯ ವಿಧಿ ಯಾವಾಗ ತಿಳಿಯಿತು? ಆದಿಕಾಂಡದಲ್ಲಿ ಅಂಥ ಆಜ್ಞೆಯೇ ಇಲ್ಲ. ದೇವರು ಆದಾಮ ಹವ್ವರಿಗೆ ಚರ್ಮದ ಅಂಗಿ ತೊಡಿಸಿದಾಗಲೇ ಬಲಿಯ ಪಾಠವಾಯಿತೆಂದು ಕೆಲವರು ಊಹಿಸುತ್ತಾರೆ. ಚರ್ಮದ ಅಂಗಿಯಿಂದ ಇಷ್ಟನ್ನು ಹೊರಡಿಸುವುದು ನನಗೆ ಕೊಂಚ ಎಳೆದಾಟವೆನಿಸುತ್ತದೆ. ನೋಹನ ಪ್ರಸಂಗವನ್ನು ಹಿಡಿದವರ ವಾದ ಇದಕ್ಕಿಂತ ಗಟ್ಟಿ. ಯಜ್ಞವೇದಿಯ ಹೆಸರು ಬೈಬಲಿನಲ್ಲಿ ಮೊದಲು ಬರುವುದು ಜಲಪ್ರಳಯದ ಬಳಿಕ ನೋಹನು ಕಟ್ಟಿದಾಗ. ಅವನು ಅರ್ಪಿಸಿದ್ದು ಶುದ್ಧವಾದ ಪಶುಪಕ್ಷಿಗಳನ್ನು. ಶುದ್ಧ ಯಾವುದು, ಅಶುದ್ಧ ಯಾವುದು ಎಂಬ ವಿವರ ಬರುವುದು ಎಷ್ಟೋ ಕಾಲಾನಂತರ, ಮೋಶೆಯ ಧರ್ಮಶಾಸ್ತ್ರದಲ್ಲಿ. ಬರೆಯದ ಉಪದೇಶವೊಂದು ಮೊದಲೇ ಬಾಯಿಂದ ಬಾಯಿಗೆ ಬಂದಿರಬೇಕು ಎಂಬುದು ಅವರ ತರ್ಕ.

ಕಾಯಿನನ ವಿಷಯಕ್ಕೆ ಬರೋಣ. ರಕ್ತವಿಲ್ಲದ ಕಾಣಿಕೆಯಾದ್ದರಿಂದ ತಿರಸ್ಕೃತವಾಯಿತು ಎನ್ನುವವರೂ ಆ ಪಂಥದಲ್ಲುಂಟು. ಆದರೆ ಇಬ್ಬರ ಕಾಣಿಕೆಗೂ ಹೀಬ್ರೂ ಮೂಲದಲ್ಲಿ ಇರುವುದು ‘ಮಿನ್ಹಾ’ ಎಂಬ ಒಂದೇ ಪದ. ಮುಂದೆ ಧಾನ್ಯದ ನೈವೇದ್ಯಕ್ಕೂ ಅದೇ ಹೆಸರು. ಕಾಲ್ವಿನನು ಗಮನಿಸಿದ್ದು ವಾಕ್ಯದ ಕ್ರಮವನ್ನು: ದೇವರು ಮೆಚ್ಚಿದ್ದು ಮೊದಲು ಹೇಬೆಲನನ್ನು, ಅನಂತರ ಅವನ ಕಾಣಿಕೆಯನ್ನು. ವ್ಯಾಕರಣ ಕಲಿಸುವ ನನಗೆ ಈ ವಾದ ಹಿಡಿಸಿತು. ಮೇಲಾಗಿ ಕಾಯಿನನಿಗೆ ಬಾಗಿಲು ಮುಚ್ಚಿರಲಿಲ್ಲ. ಮುಖ ಬಾಡಿಸಿಕೊಂಡ ಅವನನ್ನು ದೇವರೇ ಮಾತನಾಡಿಸಿ, ಒಳ್ಳೆಯದನ್ನು ಮಾಡಿದರೆ ನಿನಗೂ ಮನ್ನಣೆಯಿದೆಯೆಂದು ಎಚ್ಚರಿಸುತ್ತಾನೆ. ಅವನು ಕೇಳಲಿಲ್ಲ, ತಮ್ಮನನ್ನು ಕೊಂದನು.

‘ಒಡಂಬಡಿಕೆ’ ಎಂಬ ನಮ್ಮ ಮಾತಿನಲ್ಲಿ ಇಬ್ಬರು ಸರಿಸಮನಾಗಿ ಒಪ್ಪಿದ ಅರ್ಥ ಇಣುಕುತ್ತದೆ. ಅಬ್ರಹಾಮನ ಪ್ರಸಂಗ ಹಾಗಿಲ್ಲ. ಸೀಳಿಟ್ಟ ಪಶುಗಳ ನಡುವೆ ಹಾದುಹೋಗಿ ಆಣೆಯಿಡುವುದು ಆ ಕಾಲದ ಪದ್ಧತಿ. ಅಲ್ಲಿ ಹಾದುಹೋದದ್ದು ಹೊಗೆಯಾಡುವ ಒಲೆ ಮತ್ತು ಉರಿಯುವ ದೀವಟಿಗೆ, ಅಂದರೆ ದೇವರ ಸನ್ನಿಧಿ. ಅಬ್ರಹಾಮನಿಗೆ ಗಾಢನಿದ್ರೆ ಕವಿದಿತ್ತು. ಅವನಿಗೆ ಗುಡಿಯಿರಲಿಲ್ಲ, ಪೂಜಾರಿಯಿರಲಿಲ್ಲ. ಮನೆಯ ಯಜಮಾನನೇ ಯಾಜಕ. ಗುಡಾರ ಹಾಕಿದ ಕಡೆ ಯಜ್ಞವೇದಿ ಕಟ್ಟಿ ದೇವರ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದನು. ಮೇವಿನ ಜಾಡು ಹಿಡಿದು ಮಂದೆ ಹೊರಟಾಗ ಆ ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಮುಂದೆ ನಡೆಯುತ್ತಿದ್ದನು.